ಇರುವ ಒಂದೇ ಜೊತೆ ಕಪ್ಪು ಶೂಗೆ ಯಾವ ಬಟ್ಟೆ ಹೊಂದುತ್ತದೆ?

ಸಂದರ್ಶನಕ್ಕೆ ಕರೆ ಬಂದವರು, ಗೆಳೆಯನ ಆರತಕ್ಷತೆಗೆ ಹೊರಟವರು, ಈಗಷ್ಟೇ ಕೋರ್ಟಿಗೆ ಹೋಗಲು ಶುರುಮಾಡಿದ ಕಿರಿಯ ವಕೀಲರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ನನ್ನ ಹತ್ತಿರ ಇರೋದು ಒಂದೇ ಜೊತೆ ಕಪ್ಪು ಫಾರ್ಮಲ್ ಶೂ. ಇದನ್ನ ಯಾವ್ಯಾವುದಕ್ಕೆ ಹಾಕ್ಕೋಬಹುದು?’

ಬಹಳಷ್ಟಕ್ಕೆ ಹಾಕಿಕೊಳ್ಳಬಹುದು. ಮೊದಲ ಸಂಬಳದಲ್ಲೇ ನಾಲ್ಕು ಜೊತೆ ಶೂ ಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಇರುವ ಒಂದು ಜೊತೆ ಎಂಥದ್ದು ಎಂದು ತಿಳಿದುಕೊಂಡು, ಪ್ಯಾಂಟಿನ ಉದ್ದ ಸರಿಮಾಡಿಸಿಕೊಂಡು, ಸಾಕ್ಸ್ ಕಡೆ ಸ್ವಲ್ಪ ಗಮನ ಕೊಟ್ಟರೆ ಅದು ವರ್ಷಗಟ್ಟಲೆ ನಿಮ್ಮ ಜೊತೆ ಬರುತ್ತದೆ.

ಮೊದಲೇ ಒಂದು ಮಾತು. ಹೆಚ್ಚಿನವರು ಶೂವನ್ನು ಶರ್ಟಿನ ಬಣ್ಣಕ್ಕೆ ಹೊಂದಿಸಲು ನೋಡುತ್ತಾರೆ. ಶರ್ಟು ಎಲ್ಲೋ ಮೇಲಿದೆ, ಶೂ ಎಲ್ಲೋ ಕೆಳಗಿದೆ. ಶೂ ತಾಗುವುದು ಪ್ಯಾಂಟಿಗೆ. ಪ್ಯಾಂಟಿನ ಅಂಚು, ಸಾಕ್ಸ್, ಶೂವಿನ ಬಾಯಿ ಸೇರುವ ಆ ಒಂದು ಗೇಣು ಜಾಗವನ್ನು ಸರಿಮಾಡಿಕೊಳ್ಳಿ, ಮಿಕ್ಕಿದ್ದು ಕಷ್ಟವಿಲ್ಲ. ಕೆಳಗಿನ ಎಲ್ಲ ಹಂತಗಳೂ ಆ ಒಂದು ಗೇಣಿನ ಸುತ್ತಲೇ ಇವೆ.

ಏನೇನು ಬೇಕು

ಕಪ್ಪು ಶೂ ಒಂದು ಜೊತೆ. ಕಪ್ಪು ಚರ್ಮದ ಬೆಲ್ಟು. ಕಪ್ಪು, ಕಡು ಬೂದು, ನೇವಿ ಬ್ಲೂ ಬಣ್ಣದ ಉದ್ದ ಸಾಕ್ಸ್. ಒಂದು ಡಬ್ಬಿ ಕಪ್ಪು ವ್ಯಾಕ್ಸ್ ಪಾಲಿಶ್, ಒಂದು ಮೆತ್ತನೆಯ ಬ್ರಶ್, ಹಳೆಯ ಬನಿಯನ್ನಿನ ತುಂಡು. ಮತ್ತೆ ಒಂದು ಶೂ ಹಾರ್ನ್. ಹಿಮ್ಮಡಿಯನ್ನು ಜಾರಿಸಿ ಒಳಗೆ ಬಿಡಲು ಬಳಸುವ, ಒಳಬಾಗಿದ ಉದ್ದನೆಯ ಪಟ್ಟಿ ಅದು. ಯಾರೂ ಕೊಳ್ಳುವುದಿಲ್ಲ, ಆದರೆ ಕೊಳ್ಳಲೇಬೇಕಾದದ್ದು. ಅದಿಲ್ಲದೆ, ಲೇಸೂ ಬಿಚ್ಚದೆ ಕಾಲು ತುರುಕುತ್ತಾ ಹೋದರೆ ಶೂವಿನ ಹಿಂಭಾಗ ಮಡಚಿಕೊಳ್ಳುತ್ತದೆ. ಒಮ್ಮೆ ಮುರಿದ ಆ ಭಾಗವನ್ನು ಎಂಥ ಪಾಲಿಶ್ ಹಾಕಿದರೂ ನೆಟ್ಟಗೆ ಮಾಡಲಾಗದು.

1. ನಿಮ್ಮ ಶೂ ಯಾವ ಬಗೆಯದು ಎಂದು ಗುರುತಿಸಿ

ಅಂಗಡಿಯಲ್ಲಿ ಎಲ್ಲವನ್ನೂ ‘ಫಾರ್ಮಲ್’ ಎಂದೇ ಮಾರುತ್ತಾರೆ. ನೀವು ನೋಡಬೇಕಾದದ್ದು ಲೇಸು ಕಟ್ಟುವ ಜಾಗ.

ಲೇಸಿನ ತೂತುಗಳಿರುವ ಎರಡು ಪಟ್ಟಿಗಳು ಮುಂಭಾಗದ ಚರ್ಮದ ಅಡಿಗೆ ಹೋಗಿ ಹೊಲಿಗೆಯಾಗಿದ್ದರೆ ಅದು ಆಕ್ಸ್‌ಫರ್ಡ್. ಲೇಸು ಬಿಗಿದಾಗ ಎರಡೂ ಪಟ್ಟಿ ಒಂದಕ್ಕೊಂದು ತಾಗಿ ಮುಚ್ಚಿಕೊಳ್ಳುತ್ತವೆ. ಪಟ್ಟಿಗಳು ಮುಂಭಾಗದ ಚರ್ಮದ ಮೇಲೆ ಕೂತಿದ್ದು, ಲೇಸು ಸಡಿಲಿಸಿದರೆ ಜೋಡಿ ಬಾಗಿಲಿನ ಹಾಗೆ ಎರಡೂ ಕಡೆ ತೆರೆದುಕೊಂಡರೆ ಅದು ಡರ್ಬಿ. ಆಕ್ಸ್‌ಫರ್ಡ್ ಹೆಚ್ಚು ಗಂಭೀರ, ಡರ್ಬಿ ಅದಕ್ಕಿಂತ ಒಂದು ಮೆಟ್ಟಿಲು ಸಡಿಲ.

ಮೂತಿಯ ಮೇಲೆ ಅಡ್ಡಲಾಗಿ ಒಂದೇ ಹೊಲಿಗೆ ಇದ್ದರೆ ಕ್ಯಾಪ್ ಟೋ. ಚರ್ಮದ ಮೇಲೆ ಸಣ್ಣ ಸಣ್ಣ ತೂತುಗಳ ಅಲಂಕಾರ ಇದ್ದರೆ ಬ್ರೋಗ್. ಲೇಸಿಲ್ಲದೆ ಕಾಲು ಜಾರಿಸಿ ಹಾಕುವುದು ಲೋಫರ್. ಲೇಸಿನ ಬದಲು ಬಕಲ್ ಇರುವುದು ಮಾಂಕ್ ಸ್ಟ್ರ್ಯಾಪ್. ಕಣಕಾಲಿನವರೆಗೆ ಬಂದು, ಎರಡು ಪಕ್ಕದಲ್ಲಿ ಎಲಾಸ್ಟಿಕ್ ಇರುವುದು ಚೆಲ್ಸಿ ಬೂಟು.

ಇಷ್ಟು ಹೆಸರು ನೆನಪಿಡಲು ಆಗದಿದ್ದರೆ ಒಂದು ಸೂತ್ರ ಸಾಕು. ಹೊಲಿಗೆ, ತೂತು, ಬಕಲ್ ಕಡಿಮೆ ಇದ್ದಷ್ಟೂ, ಸೋಲ್ ತೆಳ್ಳಗಿದ್ದಷ್ಟೂ ಶೂ ಗಂಭೀರವಾಗುತ್ತದೆ. ಇವು ಹೆಚ್ಚಿದಷ್ಟೂ ಶೂ ಜೀನ್ಸಿನ ಕಡೆಗೆ ವಾಲುತ್ತದೆ.

ಇನ್ನೂ ಕೊಂಡಿಲ್ಲ, ಒಂದೇ ಜೊತೆ ಕೊಳ್ಳುವುದು ಎಂದಾದರೆ ನನ್ನ ಸಲಹೆ ಅಲಂಕಾರವಿಲ್ಲದ ಡರ್ಬಿ, ಇಲ್ಲವೇ ಕ್ಯಾಪ್ ಟೋ ಡರ್ಬಿ. ಆಕ್ಸ್‌ಫರ್ಡೇ ಮೊದಲು ಎಂದು ಹೇಳುವವರು ಬಹಳ ಮಂದಿ ಇದ್ದಾರೆ, ನಾನು ಒಪ್ಪುವುದಿಲ್ಲ. ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿದ ಪಾದ ಮುಂಭಾಗದಲ್ಲಿ ಅಗಲವಾಗಿರುತ್ತದೆ. ಅಂಥ ಕಾಲಿಗೆ ಆಕ್ಸ್‌ಫರ್ಡ್ ಹಾಕಿದರೆ ಎರಡು ಪಟ್ಟಿಗಳು ಸೇರದೆ ನಡುವೆ ‘ವಿ’ ಆಕಾರದ ಸಂದು ಬಿಟ್ಟುಕೊಳ್ಳುತ್ತದೆ, ನೋಡಿದ ತಕ್ಷಣ ಅಳತೆ ತಪ್ಪಿದ್ದು ಕಾಣುತ್ತದೆ. ಡರ್ಬಿಯಲ್ಲಿ ಆ ಸಂದು ಸಹಜ. ಜೊತೆಗೆ ನಾವು ಮನೆ, ದೇವಸ್ಥಾನ, ಕಲ್ಯಾಣ ಮಂಟಪ, ಎಷ್ಟೋ ಕ್ಲಿನಿಕ್‌ಗಳಲ್ಲೂ ಶೂ ಬಿಚ್ಚುವ ಜನ. ದಿನಕ್ಕೆ ನಾಲ್ಕು ಸಲ ಬಿಚ್ಚಿ ಹಾಕಲು ಡರ್ಬಿ ಸುಲಭ.

ಇಲ್ಲಿ ಎಡವುತ್ತಾರೆ: ಮೊಸಳೆ ಮೂತಿಯಂತೆ ಉದ್ದಕ್ಕೆ ಚೂಪಾದ, ಅಥವಾ ತುದಿಯನ್ನು ಚೌಕವಾಗಿ ಕತ್ತರಿಸಿದಂತಿರುವ ಶೂ ಕೊಳ್ಳುವುದು. ಇವು ಎಂಥ ಒಳ್ಳೆಯ ಸೂಟನ್ನೂ ಕೆಡಿಸುತ್ತವೆ. ಮೃದುವಾಗಿ ದುಂಡಗಿರುವ ಮೂತಿ ಯಾವ ಕಾಲಕ್ಕೂ ಹಳತಾಗುವುದಿಲ್ಲ.

2. ಚರ್ಮ ಮತ್ತು ಸೋಲ್ ಪರೀಕ್ಷಿಸಿ

ಸೋಲ್ ಮೇಲೆ ಅಥವಾ ಒಳಗಿನ ಲೇಬಲ್ಲಿನಲ್ಲಿ ಸಣ್ಣ ಗುರುತುಗಳಿರುತ್ತವೆ. ಹರಡಿಟ್ಟ ಪ್ರಾಣಿಯ ತೊಗಲಿನ ಆಕಾರ ಇದ್ದರೆ ಚರ್ಮ. ಆ ಆಕಾರದೊಳಗೆ ಡೈಮಂಡ್ ಗುರುತು ಇದ್ದರೆ ಮೇಲೆ ಲೇಪ ಬಳಿದ ಚರ್ಮ. ಹೆಣೆದ ಜಾಲರಿಯ ಗುರುತು ಬಟ್ಟೆಯದು. ಬರೀ ಡೈಮಂಡ್ ಇದ್ದರೆ ರೆಕ್ಸಿನ್, ರಬ್ಬರ್ ಮುಂತಾದ ಬೇರೆ ಸಾಮಗ್ರಿ. ಗುರುತೇ ಇಲ್ಲದಿದ್ದರೆ ಶೂವಿನ ಮುಂಭಾಗ ಬಗ್ಗಿಸಿ ನೋಡಿ. ಚರ್ಮದಲ್ಲಿ ನವಿರಾದ ಸುಕ್ಕುಗಳು ಏಳುತ್ತವೆ. ರೆಕ್ಸಿನ್ನಿನಲ್ಲಿ ಒಂದೆರಡು ದಪ್ಪ ಮಡಿಕೆ ಬೀಳುತ್ತದೆ, ಮುಂದೆ ಅದೇ ಜಾಗದಲ್ಲಿ ಸಿಪ್ಪೆ ಏಳುತ್ತದೆ.

ಕೊಳ್ಳುವವರಿಗೆ ನಮ್ಮ ಸುತ್ತಮುತ್ತಲೇ ದಾರಿಗಳಿವೆ. ರಾಜ್ಯ ಸರ್ಕಾರದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಲ್ಲರಿಗೂ ಗೊತ್ತಿರುವ ಲಿಡ್ಕರ್, 1976ರಿಂದ ಇದೆ. ಅದರ ಮಳಿಗೆಗಳಲ್ಲಿ ಅಪ್ಪಟ ಚರ್ಮದ ಶೂ ಸಿಗುತ್ತದೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಸಾಲಾಗಿ ಚರ್ಮೋದ್ಯಮದ ಊರುಗಳು. ಆ ಕಡೆ ಹೋಗುವ ಕೆಲಸವಿದ್ದರೆ ಆಂಬೂರಿನಲ್ಲಿ ಇಳಿದು ನಾಲ್ಕು ಅಂಗಡಿ ನೋಡುವುದು ಲಾಭವೇ.

ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಬೆಳಗ್ಗೆಗಿಂತ ಸ್ವಲ್ಪ ಉಬ್ಬಿರುತ್ತದೆ, ಬೆಳಗ್ಗೆ ಸರಿಯೆನಿಸಿದ್ದು ಸಂಜೆಗೆ ಕಚ್ಚುತ್ತದೆ. ನಾಳೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಎರಡೂ ಕಾಲಿಗೆ ಹಾಕಿ, ನಿಂತು, ನಡೆದು ನೋಡಿ. ವಿದೇಶದಲ್ಲಿರುವವರು ಒಂದು ಅಂಶ ಗಮನಿಸಿ: ನಮ್ಮಲ್ಲಿ ನಡೆಯುವುದು ಹೆಚ್ಚಾಗಿ ಬ್ರಿಟನ್ನಿನ ಅಳತೆ. ಇಲ್ಲಿಯ 8 ಅಮೆರಿಕದಲ್ಲಿ ಸುಮಾರು 9, ಯುರೋಪಿನಲ್ಲಿ ಸುಮಾರು 42.

ಇನ್ನು ಸೋಲ್. ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜನ ಕೈಯಾರೆ ತೊಂದರೆ ಮಾಡಿಕೊಳ್ಳುವುದು ಇಲ್ಲೇ. ಹಗುರವಾಗಿ, ಮೆತ್ತಗೆ ಇರುವ ಸೋಲ್‌ಗಳಲ್ಲಿ ಬಹುಪಾಲು ಪಿಯು, ಅಂದರೆ ಪಾಲಿಯುರಿಥೇನ್. ಹಾಕಿಕೊಂಡು ಓಡಾಡಲು ಬಲು ಸುಖ. ಆದರೆ ಗಾಳಿಯಲ್ಲಿರುವ ತೇವ ವರ್ಷಗಳ ಕಾಲ ಒಳಗಿಳಿದು ಅದರ ರಾಸಾಯನಿಕ ಕಟ್ಟನ್ನೇ ಬಿಡಿಸುತ್ತದೆ. ‘ಒಳ್ಳೆ ಶೂ, ಹಾಳಾಗದಿರಲಿ’ ಎಂದು ಡಬ್ಬದಲ್ಲಿಟ್ಟು ಬೀರುವಿನ ಮೇಲೆ ಎತ್ತಿಟ್ಟಿರುತ್ತಾರೆ. ಮೂರ್ನಾಲ್ಕು ವರ್ಷ ಬಿಟ್ಟು ಮದುವೆಯೊಂದಕ್ಕೆ ಹಾಕಿಕೊಂಡು ಹೋದರೆ, ಮೇಲಿನ ಚರ್ಮ ಹೊಸದರಂತೆ ಹೊಳೆಯುತ್ತಿರುವಾಗಲೇ ಸೋಲ್ ಒಣಗಿದ ಮಣ್ಣಿನ ಹೆಂಟೆಯಂತೆ ಪುಡಿಯಾಗಿ, ನಡೆದಲ್ಲೆಲ್ಲ ಕಪ್ಪು ಚೂರು ಬೀಳುತ್ತಾ ಹೋಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಇದು ಇನ್ನೂ ಬೇಗ. ಹಾಗಾಗಿ ಎತ್ತಿಟ್ಟ ಶೂವನ್ನು ಸಮಾರಂಭಕ್ಕೆ ಒಂದು ವಾರ ಮೊದಲೇ ಹೊರತೆಗೆಯಿರಿ. ಸೋಲ್ ಮತ್ತು ಹಿಮ್ಮಡಿಯ ಅಂಚನ್ನು ಉಗುರಿನಿಂದ ಒತ್ತಿ. ಅಂಟಂಟಾಗಿದ್ದರೆ, ಬಿರುಕು ಕಂಡರೆ, ಚೂರು ಉದುರಿದರೆ ಅದನ್ನು ಹಾಕಿಕೊಂಡು ಹೊರಡಬೇಡಿ. ರಿಪೇರಿಯವರ ಹತ್ತಿರ ಹೊಸ ರಬ್ಬರ್ ಸೋಲ್ ಹಾಕಿಸಬಹುದು. ಹೊಸದಾಗಿ ಕೊಳ್ಳುವಾಗ ರಬ್ಬರ್ ಅಥವಾ ಟಿಪಿಆರ್ ಸೋಲ್ ಕೇಳಿ ಪಡೆಯಿರಿ, ಇವಕ್ಕೆ ಆ ಕಾಟವಿಲ್ಲ. ಟಿಪಿಆರ್ ಎಂದರೆ ರಬ್ಬರಿನ ಗುಣವಿರುವ ಒಂದು ಪ್ಲಾಸ್ಟಿಕ್. ಇವೆಲ್ಲಕ್ಕಿಂತ ಒಳ್ಳೆಯ ಉಪಾಯ, ಶೂವನ್ನು ಎತ್ತಿಡದೆ ಹಾಕಿಕೊಳ್ಳುವುದು.

3. ಸಾಕ್ಸ್

ಸಾಕ್ಸಿನ ಬಣ್ಣ ಪ್ಯಾಂಟಿನ ಬಣ್ಣಕ್ಕೆ ಹತ್ತಿರ ಇರಲಿ. ನೇವಿ ಪ್ಯಾಂಟಿಗೆ ನೇವಿ, ಬೂದು ಪ್ಯಾಂಟಿಗೆ ಬೂದು. ಹುಡುಕಲು ಪುರುಸೊತ್ತಿಲ್ಲದಿದ್ದರೆ ಕಪ್ಪು. ಶಾಲೆಯ ದಿನಗಳಿಂದ ಬಂದ ಬಿಳಿ ಸಾಕ್ಸ್ ಅಭ್ಯಾಸವನ್ನು ಕ್ರೀಡೆಗೆ ಬಿಟ್ಟುಬಿಡಿ.

ಉದ್ದ ಮೀನಖಂಡದ ಅರ್ಧದವರೆಗಾದರೂ ಬರಬೇಕು. ಕನ್ನಡಿಯ ಮುಂದೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿ ನೋಡಿ. ಪ್ಯಾಂಟಿಗೂ ಸಾಕ್ಸಿಗೂ ನಡುವೆ ಬರಿಯ ಚರ್ಮ ಕಂಡರೆ ಸಾಕ್ಸ್ ಗಿಡ್ಡವಾಯಿತು. ಸಂದರ್ಶನದಲ್ಲಿ ಎದುರಿಗೆ ಕೂತವರಿಗೆ ಕಾಣುವುದು ಆ ಜಾಗವೇ.

ಮತ್ತೊಂದು. ನಮ್ಮಲ್ಲಿ ಶೂ ಬಿಚ್ಚಿದ ಮೇಲೆಯೂ ಸಾಕ್ಸ್ ನಾಲ್ಕು ಜನರ ಮುಂದೆ ಉಳಿಯುತ್ತದೆ. ಹೆಬ್ಬೆರಳು ಇಣುಕುವ ಸಾಕ್ಸನ್ನು ಇವತ್ತೇ ಬಿಸಾಡಿ. ಹತ್ತಿಯ ಪಾಲು ಹೆಚ್ಚಿರುವುದನ್ನೇ ಕೊಳ್ಳಿ. ಪೂರಾ ನೈಲಾನ್ ಆದರೆ ಬೆವರು ಹಿಡಿದು ವಾಸನೆ ಬರುತ್ತದೆ.

4. ಪ್ಯಾಂಟಿನ ಉದ್ದ: ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ

ರೆಡಿಮೇಡ್ ಪ್ಯಾಂಟು ಉದ್ದವಿರುತ್ತದೆ. ‘ತೊಳೆದರೆ ಕುಗ್ಗುತ್ತೆ, ಇರಲಿ’ ಎಂದು ಹಾಗೆಯೇ ಹಾಕಿಕೊಳ್ಳುತ್ತೇವೆ. ಆ ಹೆಚ್ಚಿನ ಬಟ್ಟೆ ಶೂ ಮೇಲೆ ಮೂರ್ನಾಲ್ಕು ಮಡಿಕೆಯಾಗಿ ಕುಸಿದು ಕೂರುತ್ತದೆ, ಹಿಮ್ಮಡಿಯ ಕಡೆ ನೆಲ ಗುಡಿಸಿ ದಾರ ಬಿಟ್ಟುಕೊಳ್ಳುತ್ತದೆ. ಶೂ ಎಷ್ಟು ಒಳ್ಳೆಯದಾದರೂ ಅದರ ಮೂತಿಯಷ್ಟೇ ಹೊರಗೆ ಕಾಣುತ್ತದೆ.

ಆಲ್ಟರ್ ಮಾಡುವ ಟೈಲರ್ ಹತ್ತಿರ ಹೋಗುವಾಗ ಇದೇ ಕಪ್ಪು ಶೂ ಹಾಕಿಕೊಂಡು ಹೋಗಿ. ಚಪ್ಪಲಿಯಲ್ಲಿ ನಿಂತು ಅಳತೆ ಕೊಟ್ಟರೆ ಹಿಮ್ಮಡಿಯ ಎತ್ತರದಷ್ಟು ತಪ್ಪುತ್ತದೆ. ಪ್ಯಾಂಟನ್ನು ನೀವು ನಿಜವಾಗಿ ಎಲ್ಲಿ ಕಟ್ಟುತ್ತೀರೋ ಅಲ್ಲೇ ಬೆಲ್ಟು ಬಿಗಿಯಿರಿ, ನೇರ ನಿಲ್ಲಿ, ತಲೆ ಬಗ್ಗಿಸಿ ಕಾಲು ನೋಡಬೇಡಿ. ನೀವು ಬಗ್ಗಿದರೆ ಅಂಚು ಕೆಳಗಿಳಿದು ಅಳತೆ ಬದಲಾಗುತ್ತದೆ. ನೋಡುವ ಕೆಲಸ ಟೈಲರದ್ದು.

ಸಾಮಾನ್ಯ ಅಗಲದ ಪ್ಯಾಂಟಿಗೆ, ಅಂದರೆ ಬಾಟಮ್ (ಚಪ್ಪಟೆಯಾಗಿ ಹಾಸಿದಾಗ ಕೆಳ ಅಂಚಿನ ಅಗಲ) 8 ಇಂಚಿನ ಆಸುಪಾಸು ಇದ್ದರೆ, ಮುಂದಿನ ಅಂಚು ಶೂವಿನ ಲೇಸಿನ ಮೇಲೆ ಮೆಲ್ಲಗೆ ತಾಗಿ ಒಂದೇ ಒಂದು ಸಣ್ಣ ಮಡಿಕೆ ಬೀಳಬೇಕು. ಹಿಂದಿನ ಅಂಚು ಶೂವಿನ ಹಿಂಭಾಗದ ಚರ್ಮದ ಅರ್ಧಕ್ಕೆ ಬಂದು ನಿಲ್ಲಬೇಕು. ಬಾಟಮ್ 7 ಇಂಚು ಅಥವಾ ಅದಕ್ಕಿಂತ ಕಿರಿದಾದರೆ ಮಡಿಕೆಯೇ ಬೇಡ, ಶೂವಿನ ಬಾಯಿಗೆ ತಾಗುತ್ತಿದ್ದಂತೆ ನಿಲ್ಲಲಿ. ಕಿರಿದಾದ ಪ್ಯಾಂಟು ಉದ್ದವೂ ಆದರೆ ಕಣಕಾಲಿನ ಸುತ್ತ ಸುರುಳಿ ಸುತ್ತಿಕೊಳ್ಳುತ್ತದೆ.

ಇಲ್ಲಿ ಎಡವುತ್ತಾರೆ: ಕಾಟನ್ ಪ್ಯಾಂಟನ್ನು ತೊಳೆಯುವ ಮೊದಲೇ ಕತ್ತರಿಸುವುದು. ಹತ್ತಿ ಕುಗ್ಗುತ್ತದೆ. ಒಮ್ಮೆ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ, ಆಮೇಲೆ ಟೈಲರ್ ಹತ್ತಿರ ಒಯ್ಯಿರಿ. ಮತ್ತು ಹೆಚ್ಚಿನ ಬಟ್ಟೆಯಲ್ಲಿ ಒಂದೆರಡು ಇಂಚು ಒಳಗೆ ಮಡಚಿಡಲು ಹೇಳಿ. ಮುಂದೆ ಬೇಕಾದರೆ ಇಳಿಸಬಹುದು.

5. ಈಗ ಉಡುಪು

ಆಫೀಸು, ಸಂದರ್ಶನ. ಕಪ್ಪು ಶೂಗೆ ಅತ್ಯಂತ ಒಳ್ಳೆಯ ಜೊತೆ ಕಡು ಬೂದು ಪ್ಯಾಂಟು, ಅಂಗಡಿಯವರು ಚಾರ್ಕೋಲ್ ಎನ್ನುವುದು. ನಂತರ ನೇವಿ ಬ್ಲೂ. ಕಪ್ಪು ಪ್ಯಾಂಟು ಮೂರನೆಯದು. ಇದನ್ನು ಕೇಳಿ ಹಲವರು ಅಚ್ಚರಿಪಡುತ್ತಾರೆ, ‘ಕಪ್ಪಿಗೆ ಕಪ್ಪೇ ಅಲ್ವಾ ಸರಿ?’ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಕಪ್ಪು ಪ್ಯಾಂಟು ನಾಲ್ಕು ಒಗೆತಕ್ಕೆ ಮಾಸಿ ಕಂದು ತಿರುಗುತ್ತದೆ, ಪಾಲಿಶ್ ಮಾಡಿದ ಶೂ ಪಕ್ಕದಲ್ಲಿ ಆ ಮಾಸಲು ಎದ್ದು ಕಾಣುತ್ತದೆ. ಬೂದು ಪ್ಯಾಂಟಿಗೆ ಆ ತೊಂದರೆ ಇಲ್ಲ. ಮೇಲೆ ಬಿಳಿ ಅಥವಾ ತಿಳಿ ನೀಲಿ ಶರ್ಟು ಸಾಕು. ಹೊಸ ಶೂ ಹಾಕಿಕೊಂಡು ನೇರವಾಗಿ ಸಂದರ್ಶನಕ್ಕೆ ಹೋಗಬೇಡಿ. ಒಂದು ವಾರ ಮನೆಯೊಳಗೆ ದಿನಾ ಅರ್ಧ ಗಂಟೆ ಹಾಕಿ ಓಡಾಡಿ. ಹಿಮ್ಮಡಿ ಬೊಬ್ಬೆಯ ನೋವು ಮುಖದಲ್ಲಿ ಕಾಣುತ್ತದೆ.

ತಿಳಿ ಬಣ್ಣದ ಪ್ಯಾಂಟು. ತಿಳಿ ಬೂದು ಚೆನ್ನಾಗಿ ಹೊಂದುತ್ತದೆ. ಬಿಸ್ಕತ್ತು ಬಣ್ಣ, ಖಾಕಿ, ಕ್ರೀಮ್‌ಗೆ ಕಪ್ಪು ಶೂ ಹಾಕಿದರೆ ಕಾಲ ತುದಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಕಡು ಕಂದು ಶೂ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಬೆಲ್ಟು ಕಪ್ಪು ಹಾಕಿ, ಶರ್ಟನ್ನು ಕಡು ಬಣ್ಣದ್ದು ಆರಿಸಿ. ಆಗ ಮೇಲೂ ಕೆಳಗೂ ಕಡು ಬಣ್ಣವಾಗಿ ಶೂವಿನ ಕಪ್ಪು ಒಂಟಿಯಾಗಿ ಉಳಿಯುವುದಿಲ್ಲ. ಕಂದು ಪ್ಯಾಂಟಿಗೆ ಮಾತ್ರ ಕಪ್ಪು ಶೂ ಬೇಡ.

ಕೋರ್ಟು. ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲಿ ಕಪ್ಪು ಕೋಟು, ಬಿಳಿ ಬ್ಯಾಂಡಿನ ಜೊತೆ ಬಿಳಿ, ಕಪ್ಪು, ಪಟ್ಟೆ ಅಥವಾ ಬೂದು ಪ್ಯಾಂಟಿಗೆ ಅವಕಾಶವಿದೆ, ಧೋತಿಗೂ ಇದೆ, ಜೀನ್ಸಿಗೆ ಇಲ್ಲ. ಕಿರಿಯರಿಗೆ ನನ್ನ ಸಲಹೆ ಬೂದು ಅಥವಾ ಸಣ್ಣ ಪಟ್ಟೆಯ ಪ್ಯಾಂಟು. ಬಿಳಿ ಪ್ಯಾಂಟು ಹಾಕುವುದಾದರೆ ಅದರ ಕೆಳಗೆ ಕಪ್ಪು ಸಾಕ್ಸ್ ಬಟ್ಟೆಯ ಮೂಲಕ ತೋರುತ್ತದೆ. ತಿಳಿ ಬೂದು ಸಾಕ್ಸ್ ತೆಗೆದುಕೊಳ್ಳಿ. ಬಿಳಿ ಸಾಕ್ಸ್ ಬೇಡ ಎಂಬ ಮಾತಿಗೆ ಇದೊಂದು ಕಡೆ ವಿನಾಯಿತಿ ಕೊಡಬಹುದು. ದಿನವಿಡೀ ಕಾರಿಡಾರಿನ ಕಲ್ಲಿನ ಮೇಲೆ ನಿಲ್ಲುವ ಕೆಲಸ, ಹಾಗಾಗಿ ಚರ್ಮದ ಸೋಲ್ ಬೇಡ, ರಬ್ಬರ್ ಸೋಲ್ ಇರಲಿ. ಶೂ ಒರೆಸುವ ಸಣ್ಣ ಬಟ್ಟೆಯೊಂದು ಬ್ಯಾಗಿನಲ್ಲಿರಲಿ.

ಸೂಟು, ಆರತಕ್ಷತೆ. ನೇವಿ, ಚಾರ್ಕೋಲ್, ಕಪ್ಪು, ಮೂರೂ ಬಣ್ಣದ ಸೂಟಿಗೆ ಕಪ್ಪು ಶೂ ಸರಿ. ನೇವಿ ಸೂಟಿಗೆ ಕಂದು ಶೂ ಹಾಕುವುದು ಈಗಿನ ರೂಢಿ, ಹಗಲಿಗೆ ಚೆನ್ನ. ಸಂಜೆಯ ಆರತಕ್ಷತೆಯ ದೀಪಗಳ ಕೆಳಗೆ ಕಪ್ಪೇ ಮೇಲು. ಮದುಮಗ ನೀವೇ ಆಗಿದ್ದರೆ ಆಕ್ಸ್‌ಫರ್ಡ್‌ಗೆ ಇದು ಸಕಾಲ, ಗಂಟೆಗಟ್ಟಲೆ ವೇದಿಕೆಯ ಮೇಲೆ ನಿಂತವರ ಕಾಲು ಪ್ರತಿಯೊಂದು ಫೋಟೋದಲ್ಲೂ ಬೀಳುತ್ತದೆ. ಅತಿಥಿಯಾಗಿ ಹೋಗುವವರಿಗೆ ಡರ್ಬಿ ಸಾಕು. ಮರುದಿನ ಧಾರೆಗೆ ಪಂಚೆ, ಶಲ್ಯ, ಬರಿಗಾಲು. ಅಲ್ಲಿ ಶೂಗೆ ಕೆಲಸವಿಲ್ಲ. ಛತ್ರದ ಬಾಗಿಲಲ್ಲಿ ನೂರಾರು ಚಪ್ಪಲಿಗಳ ನಡುವೆ ಶೂ ಬಿಡುವ ಬದಲು ಒಂದು ಬಟ್ಟೆ ಚೀಲ ಒಯ್ದು, ಅದರಲ್ಲಿ ಹಾಕಿ ಕೋಣೆಯಲ್ಲೋ ಕಾರಿನಲ್ಲೋ ಇಡಿ. ವಿದೇಶದಲ್ಲಿ ಆಮಂತ್ರಣದ ಮೇಲೆ ‘ಬ್ಲ್ಯಾಕ್ ಟೈ’ ಎಂದಿದ್ದರೆ ಟಕ್ಸೀಡೋ, ಅಂದರೆ ಬೋ ಟೈ ಜೊತೆ ತೊಡುವ ಸಂಜೆಯ ಸೂಟು, ಹಾಕಿ ಬನ್ನಿ ಎಂದರ್ಥ. ಅದಕ್ಕೆ ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಚರ್ಮದ ಶೂ ಅಥವಾ ಚೆನ್ನಾಗಿ ಪಾಲಿಶ್ ಮಾಡಿದ ಅಲಂಕಾರವಿಲ್ಲದ ಆಕ್ಸ್‌ಫರ್ಡ್ ಬೇಕು. ಅದೇ ಪೇಟೆಂಟ್ ಶೂವನ್ನು ಆಫೀಸಿಗೆ ಹಾಕಬೇಡಿ.

ಜೋಧಪುರಿ. ಕತ್ತಿನವರೆಗೆ ಗುಂಡಿ ಇರುವ ಮುಚ್ಚು ಕೊರಳಿನ ಕೋಟು ಮತ್ತು ಕಪ್ಪು ಶೂ, ಇದಕ್ಕಿಂತ ಸುಲಭದ ಜೋಡಿ ಇಲ್ಲ. ಟೈ ಇಲ್ಲ, ಕಾಲರ್ ಚಿಂತೆ ಇಲ್ಲ. ಕೋಟಿನಲ್ಲಿ ಅಲಂಕಾರ ಕಡಿಮೆ ಇರುವಾಗ ಶೂವೂ ಸಾದಾ ಇರಲಿ, ಬ್ರೋಗ್ ಬೇಡ. ಶೇರ್ವಾನಿಗೆ ಮಾತ್ರ ಮೋಜಡಿ, ಅಂದರೆ ಲೇಸಿಲ್ಲದ ಉತ್ತರ ಭಾರತದ ಸಾಂಪ್ರದಾಯಿಕ ಜೋಡು, ತರಿಸಿಕೊಳ್ಳಿ.

ಜೀನ್ಸ್. ಎಲ್ಲೂ ಮಾಸದ, ಹರಿಯದ, ಕಡು ನೀಲಿ ಅಥವಾ ಕಪ್ಪು ಜೀನ್ಸಿಗೆ ಲೋಫರ್, ಚೆಲ್ಸಿ ಬೂಟು, ಸ್ವಲ್ಪ ದಪ್ಪ ಸೋಲಿನ ಡರ್ಬಿ, ಬ್ರೋಗ್ ಎಲ್ಲವೂ ನಡೆಯುತ್ತವೆ. ಆಕ್ಸ್‌ಫರ್ಡ್ ನಡೆಯುವುದಿಲ್ಲ. ಮೇಲೆ ಕಾಲರ್ ಇರುವ ಶರ್ಟು, ಬೇಕಾದರೆ ಬ್ಲೇಜರ್. ತಿಳಿ ನೀಲಿ ಜೀನ್ಸು, ಟೀ ಶರ್ಟಿನ ಕೆಳಗೆ ಹೊಳೆಯುವ ಕಪ್ಪು ಶೂ ಹಾಕಿದರೆ ಆಫೀಸಿನಿಂದ ಬಂದು ಬಟ್ಟೆ ಮಾತ್ರ ಬದಲಿಸಿದಂತೆ ಕಾಣುತ್ತದೆ.

ಪಂಚೆ. ಈ ಪ್ರಶ್ನೆಯೂ ಬರುತ್ತಲೇ ಇರುತ್ತದೆ. ಹಳೇ ಮೈಸೂರಿನ ಫೋಟೋಗಳನ್ನು ನೋಡಿ: ಕಚ್ಚೆ ಪಂಚೆ, ಮುಚ್ಚು ಕೊರಳಿನ ಉದ್ದ ಕೋಟು, ತಲೆಗೆ ಪೇಟ, ಕಾಲಿಗೆ ಶೂ. ಅಧಿಕಾರಿಗಳು, ಮೇಷ್ಟ್ರುಗಳು, ವಕೀಲರು ಹೀಗೆಯೇ ಉಡುತ್ತಿದ್ದರು, ಅದರಲ್ಲಿ ಒಂದು ಘನತೆ ಇದೆ. ಆದರೆ ಅದು ಹೊಂದಿಕೊಳ್ಳುತ್ತಿದ್ದುದು ಮೇಲಿನ ಕೋಟಿನಿಂದ. ಮೇಲೆ ಕೋಟಿನ ಭಾರ ಇದ್ದಾಗ ಕೆಳಗೆ ಶೂವಿನ ಭಾರ ಸರಿತೂಗುತ್ತದೆ. ಬರೀ ಶರ್ಟು, ಪಂಚೆಯ ಕೆಳಗೆ ಅದೇ ಶೂ ಹಾಕಿದರೆ ತೆಳ್ಳನೆಯ ಬಟ್ಟೆಗೆ ಕಲ್ಲು ಕಟ್ಟಿದಂತಾಗುತ್ತದೆ. ಕೋಟು ತೊಡುವುದಾದರೆ ಕಪ್ಪು ಶೂ ಹಾಕಿ, ಸಾಕ್ಸ್ ಉದ್ದವಿರಲಿ, ಏಕೆಂದರೆ ನಡೆಯುವಾಗ ಪಂಚೆ ಸರಿದು ಕಾಲು ಕಾಣುತ್ತದೆ. ಕೋಟಿಲ್ಲದಿದ್ದರೆ ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಕೊಲ್ಹಾಪುರಿ ಚಪ್ಪಲಿ ಹಾಕಿ. ಜುಬ್ಬಾ ಪೈಜಾಮಕ್ಕೂ ಅದೇ ಮಾತು.

6. ಬೆಲ್ಟು

ಕಪ್ಪು ಶೂಗೆ ಕಪ್ಪು ಬೆಲ್ಟು, ಅಷ್ಟೇ. ಸುಮಾರು ಒಂದೂಕಾಲು ಇಂಚು ಅಗಲ, ಸಾದಾ ಬಕಲ್. ದೊಡ್ಡ ಕಂಪನಿಯ ಲಾಂಛನವಿರುವ ಬಕಲ್ ಬೇಡ. ಐದು ತೂತಿದ್ದರೆ ನಡುವಿನದಕ್ಕೆ ಬಿಗಿಯುವಂಥದ್ದು ನಿಮ್ಮ ಅಳತೆ. ವಾಚಿನ ಪಟ್ಟಿ ಚರ್ಮದ್ದಾದರೆ ಅದೂ ಕಪ್ಪಿರಲಿ, ಸ್ಟೀಲಿನದಾದರೆ ಚಿಂತೆಯಿಲ್ಲ.

7. ಪಾಲಿಶ್

ಸ್ಪಂಜಿನ ತುದಿಯ ಬಾಟಲಿಯಲ್ಲಿ ಬರುವ ದ್ರವ ಪಾಲಿಶ್ ಎರಡು ನಿಮಿಷದ ಹೊಳಪು ಕೊಡುತ್ತದೆ. ಅದು ಚರ್ಮದ ಮೇಲೆ ಪೊರೆಯಾಗಿ ಒಣಗಿ, ಬೆರಳು ಬಗ್ಗುವ ಜಾಗದಲ್ಲಿ ಬಿರಿಯುತ್ತದೆ. ಮತ್ತೆ ಬಳಿದರೆ ಪೊರೆ ದಪ್ಪವಾಗುತ್ತದೆ. ತುರ್ತಿಗೆ ಬಿಟ್ಟು ಅದನ್ನು ಬಳಸಬೇಡಿ. ಡಬ್ಬಿಯ ಪಾಲಿಶ್, ಚೆರ್ರಿ ಬ್ಲಾಸಮ್ ಬ್ರ್ಯಾಂಡ್ ಆಗಲಿ ಕೀವಿ ಬ್ರ್ಯಾಂಡ್ ಆಗಲಿ, ಊರ ಮೂಲೆಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ.

ಮೊದಲು ಲೇಸು ಬಿಚ್ಚಿ. ಒಣ ಬ್ರಶ್ಶಿನಿಂದ ಧೂಳು ತೆಗೆಯಿರಿ, ಸೋಲೂ ಚರ್ಮವೂ ಸೇರುವ ಸಂದಿನಲ್ಲಿ ಮರಳು ಕೂತಿರುತ್ತದೆ, ಅದನ್ನು ಬಿಡಬೇಡಿ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಆರಲು ಬಿಡಿ. ಬನಿಯನ್ ತುಂಡನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಪಾಲಿಶನ್ನು ತೀರಾ ಸ್ವಲ್ಪ ತೆಗೆದುಕೊಂಡು ಸಣ್ಣ ಸಣ್ಣ ವೃತ್ತಗಳಲ್ಲಿ ತಿಕ್ಕಿ. ಹೆಚ್ಚು ಬಳಿದಷ್ಟೂ ಹೊಳಪು ಹೆಚ್ಚು ಎನ್ನುವುದು ಸುಳ್ಳು. ಹತ್ತು ನಿಮಿಷ ಬಿಡಿ. ಮಂಕಾದ ಪದರ ಮೂಡುತ್ತದೆ. ಆಗ ಬ್ರಶ್ಶನ್ನು ಒತ್ತದೆ, ವೇಗವಾಗಿ ಓಡಿಸಿ. ಮೂತಿಗೆ ಮಾತ್ರ ಕನ್ನಡಿ ಹೊಳಪು ಬೇಕೆಂದರೆ ಬಟ್ಟೆಗೆ ಒಂದು ಹನಿ ನೀರು ತಾಗಿಸಿ, ಇನ್ನೊಂದು ತೆಳು ಪದರ ಪಾಲಿಶ್ ಹಾಕಿ ಮೆಲ್ಲಗೆ ಸುತ್ತಿ. ಮಂಜು ಕವಿದಂತಿದ್ದ ಮೂತಿ ನಿಧಾನಕ್ಕೆ ತಿಳಿಯಾಗಿ, ಕಿಟಕಿಯ ಅಂಚು ಅದರಲ್ಲಿ ಮೂಡುತ್ತದೆ. ಬೆರಳು ಬಗ್ಗುವ ಜಾಗದಲ್ಲಿ ಹೀಗೆ ಮಾಡಬೇಡಿ, ನಡೆದ ಕೂಡಲೇ ಸಿಪ್ಪೆಯಾಗುತ್ತದೆ.

ರೆಕ್ಸಿನ್ ಮತ್ತು ಪೇಟೆಂಟ್ ಶೂಗೆ ಒದ್ದೆ ಬಟ್ಟೆಯೇ ಸಾಕು. ಸ್ವೇಡ್ ಅಂದರೆ ಮಖಮಲ್ಲಿನಂಥ ನವಿರು ರೋಮವಿರುವ ಚರ್ಮಕ್ಕೆ ಪಾಲಿಶ್ ತಾಗಿಸಲೇಬಾರದು.

8. ಮಳೆ ಮತ್ತು ಎತ್ತಿಡುವುದು

ನೆನೆದ ಶೂವನ್ನು ಬಿಸಿಲಿಗೆ, ಒಲೆಯ ಹತ್ತಿರ, ಹೇರ್ ಡ್ರೈಯರ್ ಮುಂದೆ ಇಡಬೇಡಿ. ಚರ್ಮ ಹಪ್ಪಳದಂತೆ ಗಟ್ಟಿಯಾಗಿ ಬಿರಿಯುತ್ತದೆ, ಸೋಲಿನ ಅಂಟು ಬಿಡುತ್ತದೆ. ಒಳಗಿನ ಅಟ್ಟೆ ಹೊರತೆಗೆದು, ಹಳೆಯ ದಿನಪತ್ರಿಕೆ ಉಂಡೆ ಮಾಡಿ ತುಂಬಿ. ಒಂದೆರಡು ಗಂಟೆಗೆ ಕಾಗದ ನೆನೆದಿರುತ್ತದೆ, ಬದಲಿಸಿ. ಸೋಲಿಗೂ ಗಾಳಿಯಾಡುವಂತೆ ಮಗ್ಗುಲಾಗಿ ಮಲಗಿಸಿ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆಯೇ ಪಾಲಿಶ್. ಮಳೆಯಲ್ಲದ ದಿನಗಳಲ್ಲೂ ಒಂದು ದಿನ ಹಾಕಿದ ಶೂಗೆ ಮರುದಿನ ರಜೆ ಕೊಟ್ಟರೆ ಒಳಗಿನ ಬೆವರು ಆರುತ್ತದೆ, ಬಾಳಿಕೆ ಹೆಚ್ಚುತ್ತದೆ.

ಮಳೆಗಾಲದಲ್ಲಿ ಮುಚ್ಚಿದ ಡಬ್ಬದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುವುದು ಖಚಿತ. ತೆರೆದ ಸ್ಟ್ಯಾಂಡಿನಲ್ಲಿಡಿ, ಇಲ್ಲವೇ ಬಟ್ಟೆ ಚೀಲದಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಡಬ್ಬದಲ್ಲಿ ಬರುವ, ತೇವ ಹೀರುವ ಆ ಸಣ್ಣ ಪೊಟ್ಟಣ ಎಸೆಯಬೇಡಿ. ಬೂಷ್ಟು ಹಿಡಿದಿದ್ದರೆ ಮನೆಯ ಹೊರಗೆ ಒಣ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಬಿಸಾಡಿ, ಆಮೇಲೆ ಗಾಳಿಗಿಡಿ.

ಹಿಮ್ಮಡಿಯ ಹೊರ ಅಂಚು ಮೊದಲು ಸವೆಯುತ್ತದೆ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಕಡೆಗೆ ವಾಲಿದ್ದರೆ ತಡಮಾಡದೆ ಚಪ್ಪಲಿ ಹೊಲಿಯುವವರ ಹತ್ತಿರ ಹೊಸ ಹೀಲ್ ಪಟ್ಟಿ ಹಾಕಿಸಿ. ಬಿಟ್ಟರೆ ಸವೆತ ಸೋಲಿನವರೆಗೆ ಏರುತ್ತದೆ, ಆಮೇಲೆ ಇಡೀ ಸೋಲ್ ಬದಲಿಸಬೇಕಾಗುತ್ತದೆ.

ಇಷ್ಟೆಲ್ಲ ಆಗಿ, ಮುಂದೆ ಎರಡನೇ ಜೊತೆ ಕೊಳ್ಳುವ ದಿನ ಬಂದಾಗ ಮತ್ತೊಂದು ಕಪ್ಪು ಶೂ ಬೇಡ, ಕಡು ಕಂದು ಡರ್ಬಿ ಅಥವಾ ಲೋಫರ್ ಕೊಳ್ಳಿ. ಕಪ್ಪು ಹೊಂದದ ಖಾಕಿ, ಬಿಸ್ಕತ್ತು, ಕಂದು ಪ್ಯಾಂಟುಗಳಿಗೆ ಅದು ಒದಗುತ್ತದೆ. ಅದರ ಜೊತೆ ಕಂದು ಬೆಲ್ಟನ್ನೂ ಅದೇ ಅಂಗಡಿಯಲ್ಲಿ, ಶೂ ಪಕ್ಕದಲ್ಲಿಟ್ಟು ಹಗಲ ಬೆಳಕಿನಲ್ಲಿ ಬಣ್ಣ ನೋಡಿ ತೆಗೆದುಕೊಳ್ಳಿ. ಕಂದಿನಲ್ಲಿ ಛಾಯೆಗಳು ನೂರಿವೆ.